ನಕಾರ ಲೋಪ

೧೯೭೯ನೆಯ ಇಸವಿ, ಅಕ್ಟೋಬರ್ ೭, ಭಾನುವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತೈದು ನಿಮಿಷ. ಆಧಾರ: ಆರ್.ಟಿ. ನಗರದ ಚಿಂತನ ಮಂಡಲಿಯ ನಡವಳಿ ಪುಸ್ತಕ, ಪುಟ ೧೧. ಇನ್ನೂರು ಪುಟಗಳ ಗಟ್ಟಿ ರಟ್ಟಿನ ಪುಸ್ತಕ. ಮೇಲೆ ಖಾಕಿ ಕಾಗದದ ಹೊದಿಕೆ. ಅಂದು ಭಾನುವಾರವೇ ಆಗಿತ್ತೆಂಬುದನ್ನು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ: ಸಿದ್ಧಾರ್ಥಿ ಸಂವತ್ಸರ, ಆಶ್ವಯುಜ ಮಾಸ, ಕೃಷ್ಣಪಕ್ಷ.

ಓದುಗರು ಇಷ್ಟಕ್ಕೇ ಪುಟ ಮಗುಚಬಾರದು. ಜೀವಮಾನವೆಲ್ಲ ಶಾಸನಗಳನ್ನು ಓದಿದವನು ನಾನು. ಕಲ್ಲಿನ ಮೇಲೆ ತಿಥಿ, ವಾರ, ಸಂವತ್ಸರ ಮೂರೂ ಒಂದಕ್ಕೊಂದು ಹೊಂದದಿದ್ದರೆ ಅನ್ನ ಸೇರದ ಜಾತಿ ನಮ್ಮದು. ಮನೆಯಲ್ಲಿ ‘ಹಾಲು ಉಕ್ಕಿಹೋಯಿತು’ ಎಂಬ ಕೂಗು ಕೇಳಿದರೂ ‘ಎಷ್ಟು ಗಂಟೆಗೆ?’ ಎಂದು ಕೇಳಿ, ಒಲೆಯ ಬಳಿ ನಿಂತವರಿಂದ ತಕ್ಕ ಉತ್ತರ ಪಡೆದಿದ್ದೇನೆ.

ಹೋದ ವಾರ ಮನೆಗೆ ಸುಣ್ಣ ಹೊಡೆಸುವಾಗ ಕಪಾಟಿನ ಮೇಲಿನಿಂದ ಈ ಪುಸ್ತಕ ಬಿತ್ತು. ಬಿದ್ದ ರಭಸಕ್ಕೆ ಖಾಕಿ ಹೊದಿಕೆ ಬೆನ್ನಿನ ಬಳಿ ಹರಿಯಿತು. ಅಂಟಿಸೋಣವೆಂದು ಕುಳಿತವನು ಓದತೊಡಗಿದೆ. ಸುಣ್ಣದವರು ನನ್ನನ್ನು ಕುರ್ಚಿಸಮೇತ ಅಂಗಳಕ್ಕೆ ಸಾಗಿಸಿದ್ದು ಗಮನಕ್ಕೇ ಬರಲಿಲ್ಲ.

ಚಿಂತನ ಮಂಡಲಿ ಹುಟ್ಟಿದ್ದು ಅನಂತಯ್ಯನವರ ಕಾರ್ ಶೆಡ್ಡಿನಲ್ಲಿ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ಆರ್.ಟಿ. ನಗರದಲ್ಲಿ ಮನೆ ಕಟ್ಟಿಸಿದಾಗ, ಇಂದಲ್ಲ ನಾಳೆ ಕಾರು ಬರುತ್ತದೆಂದು ಪಕ್ಕದಲ್ಲೊಂದು ಶೆಡ್ಡನ್ನೂ ಎಬ್ಬಿಸಿದ್ದರು. ಕಾರಿನ ಬದಲು ನಿವೃತ್ತಿ ಬಂದಿತು. ನಾನು ಅವರ ಮನೆಯ ಹಿಂಬದಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ವಯಸ್ಸು ಇಪ್ಪತ್ತೇಳು, ಕೆಲಸ ಶಾಸನಗಳ ಪಡಿಯಚ್ಚುಗಳಿಗೆ ಸಂಖ್ಯೆ ಬರೆಯುವುದು.

ದಶಕಗಳ ಕಾಲ ನಲವತ್ತೈದು ನಿಮಿಷಕ್ಕೊಂದು ಪೀರಿಯಡ್ಡಿನಂತೆ ಪಾಠ ಹೇಳಿದ ದೇಹಕ್ಕೆ ನಿವೃತ್ತಿಯ ಆದೇಶ ತಲುಪಿರಲಿಲ್ಲ. ಮುಕ್ಕಾಲು ಗಂಟೆಗೊಮ್ಮೆ ಅವರೊಳಗೆ ಎಲ್ಲಿಯೋ ಬೆಲ್ಲು ಬಾರಿಸುತ್ತಿತ್ತು. ಆಗ ಎದುರಿಗೆ ಸಿಕ್ಕವರೇ ವಿದ್ಯಾರ್ಥಿಗಳು. ಹಾಲಿನವನಿಗೆ ಸಾಂದ್ರತೆಯ ಪಾಠ ಹೇಳಿದರು. ಅವನು ಅದನ್ನು ಆರೋಪವೆಂದು ತಿಳಿದು ಮರುದಿನದಿಂದ ಬೇರೆ ಬೀದಿಗೆ ಹೋದ. ಒಂದು ಬೆಳಗ್ಗೆ ಹಿತ್ತಲಿನ ತೆಂಗಿನ ಮರದ ಎದುರು ನಿಂತು ಅವರು ಕೈಯಾಡಿಸುತ್ತಿದ್ದುದನ್ನು ಅವರ ಹೆಂಡತಿ ಕಮಲಮ್ಮನವರು ಅಡಿಗೆಮನೆಯ ಕಿಟಕಿಯಿಂದ ಕಂಡರು.

“ಏನ್ರೀ ಅದು, ಮರದ ಹತ್ರ?”

“ಗುರುತ್ವಾಕರ್ಷಣೆ ಕಣೇ. ಬಾಯಿಪಾಠ ಮರ್ತುಹೋಗ್ಬಾರದಲ್ಲ.”

“ತೆಂಗಿನಮರಕ್ಕೆ ಗೊತ್ತಿಲ್ದೇ ಇರೋದಾ ಅದು? ದಿನಾ ಮಾಡಿ ತೋರಿಸ್ತಿದೆ. ನೀವು ಸ್ವಲ್ಪ ಈಚೆ ನಿಂತ್ಕೊಳ್ಳಿ.”

ಕಮಲಮ್ಮನವರು ನಕ್ಕರೂ, ಆ ದಿನ ಮಧ್ಯಾಹ್ನ ನನ್ನ ಕೋಣೆಯ ಬಾಗಿಲಿಗೆ ಬಂದು ದನಿ ತಗ್ಗಿಸಿ ಹೇಳಿದರು: “ಮೂರ್ತಿ, ಇವರ ಮಾತು ಕೇಳೋಕೆ ನಾಕು ಜನ ಬೇಕಪ್ಪ. ಇಲ್ದಿದ್ರೆ ಈ ಮನುಷ್ಯ ಒಣಗಿಹೋಗ್ತಾರೆ.”

ಹೀಗೆ ಮಂಡಲಿಯ ಆಲೋಚನೆ ಬಂತು. ಅನಂತಯ್ಯನವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಜಗತ್ತಿನ ದೊಡ್ಡ ಪ್ರಶ್ನೆಗಳನ್ನು ಶೆಡ್ಡಿನಲ್ಲಿ ಇತ್ಯರ್ಥಗೊಳಿಸುವುದೆಂದು ಮೊದಲ ಪುಟದಲ್ಲಿಯೇ ಠರಾವಾಗಿದೆ. ಆದರೆ ಅಷ್ಟರಲ್ಲಿ ಆ ಶೆಡ್ಡಿನ ಮೇಲೆ ಇನ್ನೊಂದು ಹಕ್ಕೂ ಸ್ಥಾಪನೆಯಾಗಿತ್ತು. ಕಮಲಮ್ಮನವರು ಹೊಲಿಗೆಯಲ್ಲಿ ನಿಪುಣರು. ಬೀದಿಯ ಹೆಣ್ಣುಮಕ್ಕಳಿಗೆ ಹೊಲಿಗೆ ತರಗತಿ ನಡೆಸಬೇಕೆಂಬುದು ಅವರ ಬಹುಕಾಲದ ಬಯಕೆ. ಗಂಡಹೆಂಡಿರ ನಡುವೆ ಒಂದು ಒಪ್ಪಂದವಾಯಿತು. ನಾಲ್ಕು ಭಾನುವಾರ ಮಂಡಲಿಗೆ ಅವಕಾಶ. ಅಷ್ಟರಲ್ಲಿ ಒಂದು ಭಾನುವಾರವಾದರೂ ಸಂಜೆ ಐದರೊಳಗೆ ಹತ್ತು ಜನ ಕೇಳುಗರು ಸೇರಬೇಕು. ಪದಾಧಿಕಾರಿಗಳೂ ಮನೆಯವರೂ ಲೆಕ್ಕಕ್ಕಿಲ್ಲ. ಸೇರದಿದ್ದರೆ ಶೆಡ್ಡಿಗೆ ಹೊಲಿಗೆಯಂತ್ರ ಇಳಿಯುತ್ತದೆ, ಅಧ್ಯಕ್ಷರು ತೆಂಗಿನ ಮರಕ್ಕೆ ಮರಳುತ್ತಾರೆ.

ಮೊದಲ ಮೂರು ಸಭೆಗಳ ನಡವಳಿ ಸಂಕ್ಷಿಪ್ತವಾಗಿದೆ. ಸೆಪ್ಟೆಂಬರ್ ೧೬: ವಿಷಯ, ‘ಶೂನ್ಯವೆಂದರೇನು?’ ಹಾಜರಿ ಮೂರು. ವಿಷಯವನ್ನು ನೋಡಿದರೆ ಮೂರು ಹೆಚ್ಚೇ. ಸೆಪ್ಟೆಂಬರ್ ೨೩: ‘ವಿಶ್ವಕ್ಕೆ ಅಂಚು ಉಂಟೇ?’ ಹಾಜರಿ ಎರಡು. ಸೆಪ್ಟೆಂಬರ್ ೩೦: ‘ಮನುಷ್ಯನಿಗೆ ಸ್ವತಂತ್ರ ಇಚ್ಛೆ ಇದೆಯೇ?’ ಹಾಜರಿ ಒಂದು. ರೇಷನ್ ಅಂಗಡಿ ಎಲ್ಲಿ ಎಂದು ಕೇಳಲು ಬಂದ ಆ ಮಹನೀಯರು ಹತ್ತು ನಿಮಿಷ ಕುಳಿತು, ಇಚ್ಛೆ ಇದೆಯೆಂದು ಸಾಬೀತುಪಡಿಸಿ ಎದ್ದುಹೋದರು.

ಉಳಿದದ್ದು ಒಂದೇ ಭಾನುವಾರ. “ನಮ್ಮಲ್ಲಿ ಬೋರ್ಡ್ ಇಲ್ಲ ಕಣಯ್ಯಾ ಮೂರ್ತಿ, ಅದೇ ದೋಷ,” ಎಂದರು ಅಧ್ಯಕ್ಷರು. “ಬೋರ್ಡ್ ಇಲ್ಲದ ಸತ್ಯವನ್ನ ಯಾರು ನಂಬ್ತಾರೆ?”

ಬೋರ್ಡ್ ಬರೆಯಲು ನಮ್ಮ ಕಡೆ ಇದ್ದವರು ಒಬ್ಬರೇ, ಮುಖ್ಯರಸ್ತೆಯ ದಸ್ತಗೀರ್ ಸಾಹೇಬರು. ಮನೆಯಲ್ಲಿ ದಖನಿ ಮಾತು, ಕುಂಚದಲ್ಲಿ ಕನ್ನಡ. ಅವರ ‘ಳ’ಕಾರದ ಹೊಟ್ಟೆಯನ್ನೂ ‘ಕ್ಷ’ದ ನಡುವನ್ನೂ ನೋಡಲೆಂದೇ ನಾನು ಹೇರ್ ಕಟಿಂಗ್ ಸಲೂನುಗಳ ಮುಂದೆ ನಿಂತದ್ದುಂಟು. ಶುಕ್ರವಾರ ಬೆಳಗ್ಗೆ ನಾನು ಒಂದು ಚೀಟಿಯಲ್ಲಿ ‘ಚಿಂತನ ಮಂಡಲಿ’ ಎಂದು ಬರೆದೆ. ಒಂದು ಕಣ್ಣು ಚೀಟಿಯ ಮೇಲೆ, ಇನ್ನೊಂದು ತಿರುವಿನಲ್ಲಿ ಕಾಣಿಸಿಕೊಂಡ ಬಸ್ಸಿನ ಮೇಲೆ. ಹಿಟ್ಟಿನ ಗಿರಣಿಗೆ ಹೊರಟಿದ್ದ ಕಮಲಮ್ಮನವರು “ಕೊಡಪ್ಪ, ಆ ಕಡೇನೇ ಹೋಗ್ತಿದೀನಿ” ಎಂದರು. ಚೀಟಿ ಕೊಟ್ಟು ನಾನು ಬಸ್ಸಿನ ಹಿಂದೆ ಓಡಿದೆ.

ಭಾನುವಾರ ಮಧ್ಯಾಹ್ನ ಒಂದೂವರೆಗೆ ದಸ್ತಗೀರ್ ಸಾಹೇಬರು ಬೋರ್ಡನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು ತಾವೇ ಶೆಡ್ಡಿನ ನೆತ್ತಿಗೆ ಮೊಳೆ ಹೊಡೆದರು. ಹಳದಿ ನೆಲ, ಕೆಂಪು ಅಕ್ಷರ, ನೀಲಿ ನೆರಳು. ಮೂವರೂ ತಲೆ ಎತ್ತಿ ನೋಡಿದೆವು.

ಚಿಂತಾ ಮಂಡಲಿ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೋರ್ಡ್ ಬದಲಾಗಲಿಲ್ಲ.

“ಸಾಹೇಬ್ರೇ, ಇದೇನಿದು?”

“ಚೀಟಿ ಪ್ರಕಾರ ಬರ್ದಿದೀನಿ ಸಾರ್.”

“ಚೀಟಿಯಲ್ಲಿ ‘ಚಿಂತಾ’ ಅಂತಿತ್ತಾ?”

“‘ಚಿಂತ’ ಅಂತ ಇತ್ತು ಸಾರ್. ಅಂಥಾ ಮಾತು ಕನ್ನಡದಾಗೆ ಇಲ್ವಲ್ಲಾ? ಅದಕ್ಕೇ ದೀರ್ಘ ನಾನೇ ಕೊಟ್ಟೆ. ದೀರ್ಘ ಫ್ರೀ ಸಾರ್.”

ಇದನ್ನು ಹೇಳುವಾಗ ಅವರ ಮುಖದಲ್ಲಿದ್ದ ಸಂತೃಪ್ತಿಯನ್ನು ನಾನು ಇಂದಿಗೂ ಮರೆತಿಲ್ಲ. ಚೀಟಿ ಎಲ್ಲಿ ಎಂದು ಕೇಳಿದೆ. “ಅದು... ಅಂಗಡಿಯಾಗೆ ಎಲ್ಲೋ ಹೋಯ್ತು ಸಾರ್,” ಎಂದು ಸುತ್ತಿಗೆಯನ್ನು ಚೀಲಕ್ಕೆ ಹಾಕುತ್ತ ಮುಖ ತಿರುಗಿಸಿದರು.

ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿ ಹೇಳದೆ ಮುಂದುವರಿಯುವಂತಿಲ್ಲ. ಯಲಹಂಕದ ನಮ್ಮ ಮನೆಯಲ್ಲಿ ಅಜ್ಜಿಯ ಕಾಗದಪತ್ರಗಳೆಲ್ಲ ನನ್ನ ಜವಾಬ್ದಾರಿ. ಅವಳು ಹೇಳುವುದು, ನಾನು ಬರೆಯುವುದು. ಆ ಕಾಲದಿಂದಲೇ ನನಗೆ ಅಕ್ಷರ ನುಂಗುವ ರೋಗವಿತ್ತು. ಒಮ್ಮೆ ಹಬ್ಬಕ್ಕೆ ಸೋದರಮಾವನನ್ನು ಕರೆಯುವ ಕಾರ್ಡಿನಲ್ಲಿ ‘ಹೆಂಡತಿ ಮಕ್ಕಳನ್ನು ತಪ್ಪದೆ ಕರೆದುಕೊಂಡು ಬಾ’ ಎಂಬಲ್ಲಿ ‘ತಿ’ ನನ್ನ ಹೊಟ್ಟೆಗೆ ಹೋಯಿತು. ಮಾವನ ಉತ್ತರ ವಾರದೊಳಗೆ ಬಂದಿತು: ‘ಮಕ್ಕಳನ್ನು ಕರೆತರುತ್ತೇನೆ. ಮೊದಲನೆಯದು ಯಲಹಂಕದಲ್ಲೇ ಸಿಗುತ್ತದಲ್ಲ, ಇಲ್ಲಿಂದ ಯಾಕೆ ಹೊರಬೇಕು?’ ಅಜ್ಜಿ ಆ ಕಾರ್ಡನ್ನು ನನ್ನಿಂದಲೇ ಓದಿಸಿದಳು, ಮೂರು ಸಲ. ಅತ್ತೆ ಆ ಹಬ್ಬಕ್ಕೆ ಬರಲಿಲ್ಲ. ಇಸವಿ ಖಚಿತವಿಲ್ಲ, ಅತ್ತೆ ಮಾತ್ರ ಖಚಿತವಾಗಿ ನೆನಪಿಟ್ಟುಕೊಂಡಿದ್ದಳು.

ಇಂತಹ ಪೂರ್ವಚರಿತ್ರೆಯುಳ್ಳವನು ಆ ಬೋರ್ಡಿನ ಕೆಳಗೆ ನಿಂತು ಏನು ತಾನೇ ವಾದಿಸಿಯಾನು? ಬಸ್ಸು ನೆನಪಾಯಿತು, ಅವಸರ ನೆನಪಾಯಿತು. ಸಾಹೇಬರ ತಪ್ಪಿಲ್ಲ, ‘ನ’ ಬಿಟ್ಟವನು ನಾನೇ ಎಂದು ಒಪ್ಪಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಕಮಲಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನನ್ನ ಅವಮಾನವನ್ನು ನೋಡಲಾರದೆ ಹೋದರೆಂದು ಭಾವಿಸಿ ಕೃತಜ್ಞನಾದೆ.

ಅಧ್ಯಕ್ಷರು ಮಾತ್ರ ಎರಡು ನಿಮಿಷದಲ್ಲಿ ಚೇತರಿಸಿಕೊಂಡರು. “ನೋಡಯ್ಯಾ, ‘ನ’ ಅಂದ್ರೆ ಸಂಸ್ಕೃತದಲ್ಲಿ ‘ಇಲ್ಲ’. ಚಿಂತೆಗೆ ‘ನ’ ಸೇರಿದ್ರೆ ಚಿಂತನ. ಅಂದ್ರೆ ಚಿಂತೆ ಇಲ್ಲದೋರು ಮಾಡೋ ಕೆಲಸ. ನೀನು ನಕಾರವನ್ನೇ ಲೋಪ ಮಾಡಿಬಿಟ್ಟೆ!” ವ್ಯಾಕರಣದಲ್ಲಿ ನಗುವುದಕ್ಕೆ ಏನಾದರೂ ಸಿಕ್ಕರೆ ಅವರಿಗೆ ಊಟವೂ ಬೇಡ. ಆದರೆ ನಗು ಮುಗಿದ ಮೇಲೆ ಗೋಡೆಯ ಗಡಿಯಾರವನ್ನು ನೋಡಿದರು, ಮುಖ ಬಾಡಿತು. ತಿದ್ದಿಸಲು ಸಮಯವಿರಲಿಲ್ಲ. ಒಳಗಿನ ಹಜಾರದಲ್ಲಿ, ಎಣ್ಣೆ ಹಾಕಿಸಿಕೊಂಡ ಹೊಲಿಗೆಯಂತ್ರ ಶೆಡ್ಡಿನ ಕಡೆಗೇ ಮುಖಮಾಡಿ ಕುಳಿತಿತ್ತು.

ನಾಲ್ಕು ಗಂಟೆಗೆ ಶೆಡ್ಡಿನಲ್ಲಿ ಜನ!

ನನ್ನ ನೆನಪಿನಲ್ಲಿ ಬೀದಿ ತುಂಬಿತ್ತು, ಕನಿಷ್ಠ ಮೂವತ್ತು ಮಂದಿ. ಹೊರಗೆ ಸಣ್ಣ ಮಳೆ. ನಡವಳಿಯಲ್ಲಿ ‘ಬಿಸಿಲು ಜೋರು’ ಎಂದಿದೆ, ಹಾಜರಿ ಒಂಬತ್ತು. ನಡವಳಿಯನ್ನು ನಂಬೋಣ. ಒಂಬತ್ತು ಮಂದಿಯೂ ಬೋರ್ಡ್ ಓದಿಕೊಂಡು, ತಮ್ಮ ತಮ್ಮ ಚಿಂತೆಗಳೊಡನೆ ಬಂದವರು. ನಲ್ಲಿಯಲ್ಲಿ ನೀರು ಬಾರದ ಇಬ್ಬರು. ಪಕ್ಕದ ಮನೆಯ ಹಲಸಿನ ಎಲೆ ತಮ್ಮ ಅಂಗಳಕ್ಕೆ ಬೀಳುವುದೆಂದು ಒಬ್ಬರು. ಮಗಳ ಜಾತಕ ಹಿಡಿದವರೊಬ್ಬರು. ಏನೋ ದೊಡ್ಡ ಚಿಂತೆಯಿತ್ತು, ಏನೆಂದು ಮರೆತುಹೋಗಿದೆ, ಈಗ ಅದೇ ಚಿಂತೆ ಎಂದವರೊಬ್ಬರು. ಇವರೆಲ್ಲ ಏಕೆ ಸೇರಿದ್ದಾರೆಂದು ನೋಡಲು ಬಂದವರೊಬ್ಬರು. ತಮ್ಮ ದೀರ್ಘದ ಪರಿಣಾಮ ನೋಡಲು ಉಳಿದ ದಸ್ತಗೀರ್ ಸಾಹೇಬರು. ಇನ್ನಿಬ್ಬರ ಮಾತನ್ನು ಬೇರೆಯಾಗಿ ಹೇಳಬೇಕು.

ಒಬ್ಬರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದ ನಾರಾಯಣಸ್ವಾಮಿ. “ನಮ್ ಸೆಕ್ಷನ್‌ನಲ್ಲಿ ಇನ್ನೊಬ್ಬ ನಾರಾಯಣಸ್ವಾಮಿ ಇದಾನೆ ಸಾರ್. ಅಪ್ಪನ ಹೆಸರೂ ಒಂದೇ. ಅವ್ನು ರಜಾ ಹಾಕಿದ್ರೆ ಟೈಮ್ ಆಫೀಸ್‌ನಲ್ಲಿ ನನ್ ರಜಾ ಕಟ್ಟಾಗತ್ತೆ. ಹೋದ್ ತಿಂಗಳು ಅವನ್ಗೆ ಮಗು ಆಯ್ತು, ಎಲ್ರೂ ನನ್ ಹತ್ರ ಸ್ವೀಟ್ ಕೇಳಿದ್ರು. ಮನೇಲಿ ಹೆಂಡ್ತಿಗೂ ಡೌಟ್ ಬಂದ್ಬಿಟ್ಟಿದೆ.”

ಅಧ್ಯಕ್ಷರ ಕಣ್ಣು ಹೊಳೆಯಿತು. “ಅಂದ್ರೆ ನಿಮ್ಮ ಪ್ರಶ್ನೆ, ನಾನು ಯಾರು ಅನ್ನೋದು?”

“ಅಲ್ಲ ಸಾರ್. ನಾನ್ ಯಾರು ಅಂತ ನಂಗೊತ್ತು. ಅವನು ಯಾರು ಅಂತ ಟೈಮ್ ಆಫೀಸ್‌ಗೆ ಗೊತ್ತಾಗ್ಬೇಕು.”

ಎಷ್ಟೋ ಶತಮಾನಗಳ ಪ್ರಶ್ನೆಯೊಂದನ್ನು ಇಷ್ಟು ಸಲೀಸಾಗಿ ಟೈಮ್ ಆಫೀಸಿಗೆ ದಾಟಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನೊಬ್ಬರು ಮುನಿಯಮ್ಮ. ಯಲಹಂಕದ ಬಳಿಯ ಕೋಗಿಲು ಹಳ್ಳಿಯಿಂದ ನಮ್ಮ ಬೀದಿಗೆ ಸೊಪ್ಪು ತರುತ್ತಿದ್ದವರು. ಬೆಳಗ್ಗೆ ವ್ಯಾಪಾರಕ್ಕೆ ಬಂದಾಗ ಖಾಲಿ ಗೋಡೆಯಾಗಿದ್ದದ್ದರ ಮೇಲೆ ಮಧ್ಯಾಹ್ನ ಬೋರ್ಡ್ ಎದ್ದಿದೆ, ಅಲ್ಲಿ ಚಿಂತೆ ಪರಿಹರಿಸುತ್ತಾರಂತೆ ಎಂದು ಊರಿಗೆ ಮರಳುವ ಬಸ್ಸಿನಲ್ಲಿ ಜನರ ಬಾಯಿಂದ ಕೇಳಿ, ಊರಿನಿಂದ ಮತ್ತೆ ಹೊರಟು ಬಂದಿದ್ದರು. ಈ ಸಲ ಬುಟ್ಟಿಯಲ್ಲಿ ಸೊಪ್ಪಿರಲಿಲ್ಲ. ಬಟ್ಟೆ ಸರಿಸಿದರೆ, ಹುಂಜ.

“ನಂದೊಂದು ಚಿಂತೆ ಐತೆ ಸಾಮಿ. ನಮ್ ಉಂಜ ಬೆಳಿಗ್ಗೆ ಕೂಗಾಕಿಲ್ಲ. ಮದ್ಯಾನ ಮೂರ್ ಗಂಟೆಗೆ ಕೂಗ್ತದೆ. ಇಂಗೆ ಒತ್ತಲ್ಲದ ಒತ್ತಲ್ಲಿ ಕೂಗಿದ್ರೆ ಮನೆಗೆ ಕೇಡು ಅಂತ ನಮ್ಮತ್ತೆ ಅಟ ಇಡ್ದವ್ರೆ. ಇವತ್ತು ಸಾರು ಮಾಡಾಣ ಅಂತ ಮಸಾಲೆಗೂ ತೆಗ್ದಿಟ್ಟವ್ರೆ. ನಾನು ಸಾಕಿದ್ದು ಸಾಮಿ, ಅಂಗೈಯಗಲ ಇದ್ದಾಗಿಂದ. ಮನೇಲಿ ಬಿಟ್ಟು ಬಂದ್ರೆ ಉಳೀತದಾ? ಅದ್ಕೇ ಎತ್ಕೊಂಡೇ ಬಂದೆ.”

ಅಂದಿನ ವಿಷಯ, ಮೊದಲೇ ನಿಗದಿಯಾದಂತೆ, ‘ಕಾಲವೆಂಬುದು ನಿಜವೇ?’ ಅಧ್ಯಕ್ಷರು ಆ ಹುಂಜವನ್ನು ದೇವರೇ ಕಳುಹಿಸಿದ ದೃಷ್ಟಾಂತವೆಂದು ಸ್ವೀಕರಿಸಿದರು. ನಡವಳಿಯ ಪ್ರಕಾರ ನಾಲ್ಕು ಇಪ್ಪತ್ತೈದಕ್ಕೆ ಉಪನ್ಯಾಸ ಆರಂಭವಾಯಿತು. ಒಳಗಿನಿಂದ ಗ್ಲೋಬು ಬಂತು, ಟಾರ್ಚು ಬಂತು. ಟಾರ್ಚ್ ಹಿಡಿಯುವ ಸೂರ್ಯ ನಾನು.

“ನೋಡಮ್ಮ ಮುನಿಯಮ್ಮ. ನಮಗೆ ಮಧ್ಯಾಹ್ನ ಮೂರು ಗಂಟೆ. ಭೂಮಿಯ ಈ ಪಕ್ಕಕ್ಕೆ ಆಗ ಏನು? ಇಲ್ಲಿ ನೋಡು, ಈಗ ತಾನೇ ಬೆಳಕು ಹರೀತಾ ಇದೆ. ಇದು ಬ್ರೆಜಿಲ್ ಅಂತ. ನಿನ್ನ ಹುಂಜ ತಪ್ಪು ಸಮಯಕ್ಕೆ ಕೂಗ್ತಿಲ್ಲ. ಅದು ಬ್ರೆಜಿಲ್ ಸಮಯಕ್ಕೆ ಸರಿಯಾಗಿ ಕೂಗ್ತಿದೆ.”

ಮುನಿಯಮ್ಮ ಗ್ಲೋಬನ್ನು ದಿಟ್ಟಿಸಿದರು. “ಅದು ಎಲ್ಲಿ ಬರ್ತದೆ ಸಾಮಿ? ಯಲಹಂಕ ದಾಟಿ ಓಗ್ಬೇಕಾ?”

“ಬಹಳ ದಾಟಿ.”

“ಅಲ್ಲೀಗಂಟ ಕೇಳ್ತದಾ ಇದರ ಕೂಗು?”

ಅಧ್ಯಕ್ಷರು ಶಬ್ದದ ವೇಗಕ್ಕೆ ತಿರುಗಿದರು. ಅಲ್ಲಿಂದ ಬೆಳಕಿನ ವೇಗ, ಅಲ್ಲಿಂದ ಸತ್ತುಹೋದ ನಕ್ಷತ್ರಗಳ ಬೆಳಕು ಇನ್ನೂ ಬರುತ್ತಿರುವುದು, ಆದ್ದರಿಂದ ‘ಈಗ’ ಎಂಬುದು ಯಾರದ್ದು ಎಂಬ ಪ್ರಶ್ನೆ. ತೆಂಗಿನ ಮರದ ಮುಂದೆ ನಿಲ್ಲುತ್ತಿದ್ದ ಮನುಷ್ಯ ಇವರೇ ಏನು ಎನ್ನುವಂತೆ ಅವರ ಬೆನ್ನು ನೆಟ್ಟಗಾಗಿತ್ತು, ದನಿ ಕೊನೆಯ ಬೆಂಚಿಗೆ ತಲುಪುತ್ತಿತ್ತು. ನಲ್ಲಿ ನೀರಿನವರು ಬಾಯಿ ತೆರೆದು ಕೇಳಿದರು. ಚಿಂತೆ ಮರೆತವರು ತಮ್ಮ ಚಿಂತೆ ಇದೇ ಇರಬಹುದೆಂದು ಸಂಶಯ ವ್ಯಕ್ತಪಡಿಸಿದರು.

ಐದಕ್ಕೆ ಎರಡು ನಿಮಿಷ. ಕಮಲಮ್ಮನವರು ಬಾಗಿಲಿಗೆ ಬಂದು, ಹೊಲಿಗೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ, ತಲೆ ಎಣಿಸಿದರು.

“ಒಂಬತ್ತು.”

ಒಪ್ಪಂದ ಎಲ್ಲರಿಗೂ ಗೊತ್ತಿರಲಿಲ್ಲ. ಆದರೆ ಅಧ್ಯಕ್ಷರ ಮುಖ ನೋಡಿ ಏನೋ ಮುರಿಯುತ್ತಿದೆಯೆಂದು ಎಲ್ಲರಿಗೂ ತಿಳಿಯಿತು. ಅವರು ಗ್ಲೋಬನ್ನು ಮೆಲ್ಲಗೆ ಕೆಳಗಿಟ್ಟರು.

“ಕಮಲೂ, ಐದು ಗಂಟೆ ಅನ್ನೋದೇ ಒಂದು ಕಲ್ಪನೆ. ಈಗಷ್ಟೇ ಸಿದ್ಧಮಾಡಿದೀನಿ.”

“ಕಾಫಿ ಕೇಳೋವಾಗ ಐದು ಗಂಟೆ ನಿಜವಾಗೇ ಇರತ್ತಲ್ರೀ.”

ಆಗ ನಾರಾಯಣಸ್ವಾಮಿ ಎದ್ದರು. “ನಾನು ಇಬ್ರು ಅಂತ ಲೆಕ್ಕ ಹಾಕ್ಬೋದಲ್ಲ ಮೇಡಂ? ಕಾರ್ಖಾನೇಲಿ ಹಾಕ್ತಾರೆ.” ಒಪ್ಪಿಗೆಯಾಗಲಿಲ್ಲ. ಅಷ್ಟರಲ್ಲಿ ದಸ್ತಗೀರ್ ಸಾಹೇಬರು ಬುಟ್ಟಿಯ ಕಡೆ ಕೈ ತೋರಿಸಿದರು.

“ಅವರದೂ ಒಂದು ತಲೆ ಐತಲ್ಲಾ ಅಮ್ಮಾ.”

ಎಲ್ಲರೂ ಹುಂಜವನ್ನು ನೋಡಿದರು. ಹುಂಜ ಒಂದೇ ಕಣ್ಣಿನಿಂದ ಎಲ್ಲರನ್ನೂ ನೋಡಿತು.

ಹುಂಜವು ಶ್ರೋತೃವೇ? ಇದರ ಮೇಲೆ ನಡೆದ ಚರ್ಚೆ ನಡವಳಿಯಲ್ಲಿ ಒಂದೂವರೆ ಪುಟವಿದೆ. ಕೇಳುವುದಕ್ಕೆ ಕಿವಿ ಸಾಕೇ, ಅರ್ಥವೂ ಬೇಕೇ? ಅರ್ಥ ಬೇಕೆಂದರೆ ಉಳಿದ ಒಂಬತ್ತು ಮಂದಿಯ ಸ್ಥಿತಿ ಏನು? ಹಲಸಿನ ಎಲೆಯವರು ಇಲ್ಲಿ ಆಕ್ಷೇಪಿಸಿದರು. ಕೊನೆಗೆ ಮುನಿಯಮ್ಮ ಸೊಂಟದ ಎಲೆಯಡಿಕೆ ಚೀಲಕ್ಕೆ ಕೈಹಾಕಿದರು. “ಬಸ್ಸಲ್ಲಿ ಬುಟ್ಟಿ ಬಟ್ಟೆ ಸರೀತಿದ್ದಂಗೇ ಕೂಗ್ಬಿಡ್ತು ಸಾಮಿ. ಕಂಡಕ್ಟ್ರು ಇದಕ್ಕೂ ಟಿಕೀಟು ತಗಾ ಅಂದ. ಇಗೋ.”

ನನ್ನೊಳಗಿನ ಸಂಶೋಧಕ ಹುಟ್ಟಿದ್ದು ಬಹುಶಃ ಆ ಕ್ಷಣದಲ್ಲಿ. ಲಿಖಿತ ಆಧಾರ! ಟಿಕೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಪರಿಶೀಲಿಸಿದೆ. ನಿಜವಾದ ಟಿಕೇಟೇ. ಆದರೆ ಸತ್ಯಕ್ಕೆ ಬದ್ಧನಾದ್ದರಿಂದ ಘೋಷಿಸಲೇಬೇಕಾಯಿತು: “ಇದು ಅರ್ಧ ಟಿಕೇಟು. ಹಾಜರಿ ಒಂಬತ್ತೂವರೆ.”

ಅಧ್ಯಕ್ಷರು ನನ್ನತ್ತ ನೋಡಿದ ನೋಟವನ್ನು ವರ್ಣಿಸಲಾರೆ.

ಗಡಿಯಾರ ಐದು ಬಾರಿಸತೊಡಗಿತು. ಕಮಲಮ್ಮನವರು ಬುಟ್ಟಿಯ ಬಳಿ ಕುಳಿತು ಹುಂಜದ ನೆತ್ತಿ ಸವರಿ ಕೇಳಿದರು: “ಮುನಿಯಮ್ಮ, ನೀನು ವ್ಯಾಪಾರಕ್ಕೆ ಬರೋವಾಗ ಇದರ ಗೂಡಿಗೆ ಏನು ಮುಚ್ತೀಯ?”

“ಗೋಣಿಚೀಲ ಅಮ್ಮಾ. ನಸುಕಲ್ಲಿ ಮುಚ್ಚಿ ಬತ್ತೀನಿ. ಓಗಿ ಮೂರ್ ಗಂಟೆಗೆ ತೆಗೀತೀನಿ.”

“ಹಾಗಾದ್ರೆ ಅದಕ್ಕೆ ಬೆಳಗಾಗೋದೇ ಮೂರು ಗಂಟೆಗೆ ಅಲ್ವೇನೇ?”

ಮುನಿಯಮ್ಮನ ಕೈ ಗಲ್ಲಕ್ಕೆ ಹೋಯಿತು. “ಅಯ್ ಸಿವನೇ! ಚೀಲ ತೆಗೆಯೋದಕ್ಕೂ ಅದು ಕೂಗೋದಕ್ಕೂ ಸರಿಯಾಯ್ತದೆ ನೋ‍ಡಿ!”

“ನಾನು ಹೇಳಿದ್ದೂ ಅದನ್ನೇ,” ಎಂದರು ಅಧ್ಯಕ್ಷರು ಕ್ಷೀಣವಾಗಿ. “ಕಾಲ ಸಾಪೇಕ್ಷ.”

ಕಮಲಮ್ಮನವರು ಎದ್ದು ನಿಂತು ತೀರ್ಪು ಕೊಟ್ಟರು. “ನೀವು ಮಾತಾಡ್ತಿದ್ದ ಅಷ್ಟು ಹೊತ್ತೂ ಇದು ಎದ್ದು ಹೋಗ್ಲಿಲ್ಲ, ತೂಕಡಿಸ್ಲಿಲ್ಲ, ಮಧ್ಯೆ ಬಾಯಿ ಹಾಕ್ಲಿಲ್ಲ. ಮೂವತ್ತು ವರ್ಷದಿಂದ ನನ್ನ ಕೈಲೇ ಆಗಿಲ್ಲ ಅದು. ಅರ್ಧ ಅಲ್ಲ, ಪೂರ್ತಿ ಸೇರಿಸ್ಕೊಳ್ಳಿ. ಹತ್ತು.”

ಹುಂಜ ಆ ಗಳಿಗೆಯಲ್ಲಿ ಕೊರಳೆತ್ತಿ ಕೂಗಿತು. ನಡವಳಿಯಲ್ಲಿ, ನನ್ನದೇ ಅಕ್ಷರದಲ್ಲಿ: ‘೧೦. ಹುಂಜ (ಕೋಗಿಲು). ಠರಾವನ್ನು ಹತ್ತನೆಯ ಸದಸ್ಯರು ಕೂಗಿ ಅನುಮೋದಿಸಿದರು.’ ಅದರ ಕೆಳಗೆ ಇನ್ನೊಂದು ಸಾಲು: ‘ಫಲಕದಲ್ಲಿ ಒಂದಕ್ಷರ ಬಿಟ್ಟದ್ದು ಕಾರ್ಯದರ್ಶಿಯ ಕೈತಪ್ಪು. ಕ್ಷಮಿಸಲಾಯಿತು. ಫಲಕವನ್ನು ತಿದ್ದಿಸಕೂಡದು.’

ಅಂದು ತಿನ್ನಲು ಕೊಟ್ಟದ್ದು ಕೋಡುಬಳೆ ಎಂದು ನನ್ನ ನಾಲಗೆಗೆ ನೆನಪು. ನಡವಳಿಯಲ್ಲಿ ನಿಪ್ಪಟ್ಟು. ನಾಲಗೆಯನ್ನು ಆಧಾರವೆಂದು ಉಲ್ಲೇಖಿಸುವ ಪದ್ಧತಿಯಿಲ್ಲ.

ಮುಂದಿನ ಭಾನುವಾರದಿಂದ ಸಭೆಗೆ ಹೊಸ ಕ್ರಮ ಬಂದಿತು: ಮೊದಲ ಅರ್ಧ ಗಂಟೆ ಚಿಂತೆ, ಆಮೇಲೆ ಚಿಂತನ. ಚಿಂತೆಗೆ ಕಮಲಮ್ಮನವರು, ಚಿಂತನಕ್ಕೆ ಅನಂತಯ್ಯನವರು. ಮೊದಲ ಭಾಗ ಮುಗಿದ ಮೇಲೆ ಎದ್ದುಹೋಗಲು ಸಂಕೋಚಪಟ್ಟು ಉಳಿದವರಿಂದಲೇ ಎಂಬತ್ತರ ದಶಕದ ನಡುವಿನವರೆಗೂ ಮಂಡಲಿ ನಡೆಯಿತು. ಹೊಲಿಗೆ ತರಗತಿಯೂ ನಡೆಯಿತು, ಮನೆಯ ಹಜಾರದಲ್ಲಿ, ಇಕ್ಕಟ್ಟಿನಲ್ಲಿ. ಹುಂಜದ ಗೂಡಿನ ಗೋಣಿಚೀಲ ಹೋಗಿ ತೆಂಗಿನ ಗರಿ ಬಂದಿತು. ಸಾರಿನಿಂದ ಪಾರಾದ ಅದು ಕೋಗಿಲಿನಲ್ಲಿ ‘ಬ್ರೆಜಿಲ್ಲು’ ಎಂಬ ಹೆಸರಿನಿಂದ ಬಹುಕಾಲ ಬಾಳಿತು. ಮುನಿಯಮ್ಮನ ಅತ್ತೆಯೇ ಅದಕ್ಕೆ ಕಾಳು ಹಾಕುತ್ತಿದ್ದರಂತೆ, ಫಾರಿನ್ನಿನದೆಂದು.

ನಾನು ಮಾತ್ರ ಬದಲಾದೆ. ಒಂದಕ್ಷರ ಬಿಟ್ಟವನೆಂಬ ಅಳುಕು ಅಂದು ನನ್ನ ಬೆನ್ನು ಹತ್ತಿದ್ದು ಬಿಡಲೇ ಇಲ್ಲ. ಅಂದಿನಿಂದ ಒಂದು ಸಾಲು ಬರೆದರೆ ಮೂರು ಸಲ ಓದಿದೆ, ಒಂದು ತೇದಿಗೆ ಎರಡು ಸಾಕ್ಷಿ ಕೇಳಿದೆ. ಕಲ್ಲಿನಲ್ಲಿ ಅಕ್ಷರ ಬಿದ್ದುಹೋದಲ್ಲೆಲ್ಲ ಅದನ್ನು ಕೊರೆದ ಕಂಡರಣೆಗಾರನ ಕಡೆ ನಿಂತು ‘ಪಾಪ, ಅವನಿಗೂ ಬಸ್ಸು ಬಂದಿರಬೇಕು’ ಎಂದುಕೊಂಡೆ. ನಿವೃತ್ತಿಯ ದಿನ ಸಹೋದ್ಯೋಗಿಗಳು ನನ್ನ ಕಟ್ಟೆಚ್ಚರವನ್ನು ಹೊಗಳಿದಾಗ, ಇದೆಲ್ಲ ಒಂದು ‘ನ’ಕಾರಕ್ಕೆ ಕಟ್ಟಿದ ದಂಡ ಎಂದು ಎಲ್ಲರೆದುರು ಗದ್ಗದಿತನಾಗಿ ಹೇಳಿದ್ದೂ ಉಂಟು. ಚಪ್ಪಾಳೆ ಬಿದ್ದಿತ್ತು.

ಈಗ ಹೊದಿಕೆಯ ವಿಚಾರ. ನಡವಳಿ ಪುಸ್ತಕಕ್ಕೆ ಖಾಕಿ ಕಾಗದ ಹಾಕಿಕೊಟ್ಟವರು ಕಮಲಮ್ಮನವರು, ಆ ಭಾನುವಾರದ ಮರುದಿನ. ಮೂಲೆಗಳನ್ನು ಮಡಿಸಿ, ಸೂಜಿದಾರದಲ್ಲಿ ಹೊಲಿದು ಕೊಟ್ಟಿದ್ದರು. ಹೊಲಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಇಷ್ಟು ವರ್ಷ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಹೋದ ವಾರ ಹರಿದ ಸೀಳಿಗೆ ಬೆರಳು ಹಾಕಿದರೆ, ರಟ್ಟಿಗೂ ಕಾಗದಕ್ಕೂ ನಡುವೆ ನಾಲ್ಕಾಗಿ ಮಡಿಸಿದ ಒಂದು ಚೀಟಿ.

ಶಾಸನದ ವರ್ಣನೆಯಂತೆಯೇ ಬರೆಯುತ್ತೇನೆ. ಗೆರೆ ಹಾಕಿದ ಹಾಳೆಯ ತುಂಡು. ಭಾಷೆ ಕನ್ನಡ. ಕೈಬರಹ ನನ್ನದು, ಸಂಶಯವಿಲ್ಲ. ಪಾಠ: ‘ಚಿಂತನ ಮಂಡಲಿ’. ‘ನ’ ಇದೆ. ದುಂಡಗೆ, ಸ್ಪಷ್ಟವಾಗಿ ಇದೆ. ಅದರ ಮೇಲೆ ಅಡ್ಡಲಾಗಿ ಎಳೆದ ಒಂದು ಗೆರೆಯೂ ಇದೆ. ಗೆರೆ ಶಾಯಿಯದಲ್ಲ, ಸೀಸದ ಕಡ್ಡಿಯದಲ್ಲ. ಉಗುರಿನಿಂದ ಮುಟ್ಟಿದರೆ ಮೇಣದ ಜಿಡ್ಡು, ಬಣ್ಣ ನೀಲಿ. ಬಟ್ಟೆ ಕತ್ತರಿಸುವ ಮೊದಲು ಗುರುತು ಹಾಕುವ ಚಾಕ್‌ಪೀಸು. ದಸ್ತಗೀರ್ ಸಾಹೇಬರು ಸುಳ್ಳು ಹೇಳಿರಲಿಲ್ಲ. ಚೀಟಿಯ ಪ್ರಕಾರವೇ ಬರೆದಿದ್ದರು; ಅಂಗಡಿಯಲ್ಲಿ ಎಲ್ಲೋ ಹೋಯಿತೆಂದ ಚೀಟಿಯನ್ನು ಮಾತ್ರ ತಂದುಕೊಟ್ಟವರಿಗೇ ಹಿಂದಿರುಗಿಸಿದ್ದರು.

ಆ ಬೀದಿಯಲ್ಲಿ ಅಂತಹ ಚಾಕ್‌ಪೀಸು ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆಯಲ್ಲಿ ಶೆಡ್ಡು ಖಾಲಿಯಾಗಲೆಂದು ಕಾಯಬೇಕಾಗಿದ್ದವರೂ ಒಬ್ಬರೇ; ‘ನಾಕು ಜನ ಬೇಕಪ್ಪ’ ಎಂದು ನನ್ನ ಕೋಣೆಯ ಬಾಗಿಲಿಗೆ ಬಂದಿದ್ದವರೂ ಅವರೇ. ಕೇಳಿ ಖಚಿತಪಡಿಸಿಕೊಳ್ಳೋಣವೆಂದರೆ ಅಧ್ಯಕ್ಷರಿಲ್ಲ, ಸಾಹೇಬರಿಲ್ಲ, ಅವರೂ ಇಲ್ಲ. ಅಂದು ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದದ್ದು ಮರುಕದಿಂದಲ್ಲ ಎಂಬುದಷ್ಟೇ ಈಗ ಸ್ಪಷ್ಟ. ನನ್ನ ನಿವೃತ್ತಿಯ ಭಾಷಣವನ್ನು ಹಿಂತೆಗೆದುಕೊಳ್ಳಬೇಕಾಗಿದೆ; ಯಾರಿಗೆ ಬರೆಯಬೇಕೆಂದು ತಿಳಿಯದು.

ಕೊನೆಗೆ ಸಂಶೋಧಕನ ಟಿಪ್ಪಣಿ. ಪುಟ ೧೨ರ ನಡವಳಿಯ ಪ್ರಕಾರ ‘ನ’ ಬಿಟ್ಟವನು ಕಾರ್ಯದರ್ಶಿ. ಹೊದಿಕೆಯೊಳಗಿನ ಚೀಟಿಯ ಪ್ರಕಾರ ಕಾರ್ಯದರ್ಶಿ ‘ನ’ ಬಿಟ್ಟಿಲ್ಲ. ಎರಡೂ ಸಮಕಾಲೀನ ದಾಖಲೆಗಳು, ಎರಡೂ ನನ್ನದೇ ಕೈಬರಹ, ಎರಡೂ ಒಂದಕ್ಕೊಂದು ವಿರುದ್ಧ. ನೀಲಿ ಗೆರೆಗೆ ತೇದಿಯಿಲ್ಲ, ಸಹಿಯಿಲ್ಲ. ಚೀಟಿಯನ್ನು ಇದ್ದಲ್ಲಿಯೇ ಇಟ್ಟು, ಅಂಟು ಬಳಸದೆ, ನನ್ನ ಹೆಂಡತಿಯಿಂದ ಸೂಜಿದಾರ ಕೇಳಿ ಪಡೆದು, ಹೊದಿಕೆಯನ್ನು ಮತ್ತೆ ಹೊಲಿದಿದ್ದೇನೆ. ಹೊಲಿಗೆ ಸೊಟ್ಟಗೆ ಬಂದಿದೆ.